ಎರಡು ಖಾತೆಯ ಸಾಹೇಬರು

ನಮ್ಮ ಸಾಹೇಬರಿಗೆ ಕನ್ನಡ ಬರುತ್ತಿತ್ತು ಎಂದರೆ ಗುಜರಾತಿನಲ್ಲಿ ಯಾರೂ ನಂಬುವುದಿಲ್ಲ. ಕರ್ನಾಟಕದಲ್ಲಂತೂ ಕೇಳುವುದೇ ಬೇಡ. ಆದರೆ ಬರುತ್ತಿತ್ತು. ಎಷ್ಟು ಬರುತ್ತಿತ್ತು ಎಂದು ಕೇಳಿದರೆ ಮಾತ್ರ ನಾನು ಸ್ವಲ್ಪ ತಡವರಿಸಬೇಕಾಗುತ್ತದೆ. ಒಂದು ಸೀರೆ ಮಾರುವಷ್ಟು ಬರುತ್ತಿತ್ತು. ಅದಕ್ಕಿಂತ ಒಂದು ಪದ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಅಷ್ಟೇ ಕನ್ನಡ ಇಟ್ಟುಕೊಂಡು ಅವರು ಒಂದು ರಾಜ್ಯದ ಎರಡು ಖಾತೆಗಳನ್ನು ನಡೆಸಿದರು ಎನ್ನುವುದು ನನ್ನ ವಾದ. ಆ ಎರಡು ಖಾತೆ ಯಾವುವೆಂದರೆ ಒಂದು ಶಾಲಾ ಶಿಕ್ಷಣ, ಇನ್ನೊಂದು ಸಣ್ಣ ಕೈಗಾರಿಕೆ. ಯಾವ ಸಂಪುಟ, ಯಾವ ಪಕ್ಷ, ಸಾಹೇಬರ ಹೆಸರೇನು ಎಂದು ದಯವಿಟ್ಟು ಕೇಳಬೇಡಿ. ಅವರು ಇದನ್ನು ಓದಲಾರರು, ಆದರೆ ಓದಿ ಹೇಳುವವರು ಸೂರತ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾನು ಹುಬ್ಬಳ್ಳಿಯವಳು. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ವಡೋದರಾಕ್ಕೆ ವರ್ಗವಾಗಿ ಬಂದು ಮಂಜಲ್‌ಪುರದಲ್ಲಿ ಮನೆ ಮಾಡಿದ ಮೇಲೆ ನಾವು ಅಲ್ಲಿಂದ ಅಲುಗಾಡಿಲ್ಲ. ನಾನು ಕೇಂದ್ರ ಸರ್ಕಾರದ ತರಬೇತಿ ಇಲಾಖೆಯಲ್ಲಿದ್ದೆ. ಶಾಲೆಗಳಲ್ಲಿ ಕೈಕೆಲಸ ಕಲಿಸುವ ಯೋಜನೆಯೊಂದಕ್ಕಾಗಿ ನನ್ನನ್ನು ರಾಜ್ಯ ಸರ್ಕಾರಕ್ಕೆ ಎರವಲು ಕೊಟ್ಟರು. ಮೊದಲ ದಿನ ಅಹಮದಾಬಾದಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಗಾಂಧಿನಗರದ ಸಚಿವಾಲಯದಲ್ಲಿ ಸಾಹೇಬರ ಮುಂದೆ ನಿಂತೆ. ದೊಡ್ಡ ಮೈ, ಬಿಳಿ ಜುಬ್ಬಾ, ಹಣೆಯ ಮೇಲಕ್ಕೆ ಏರಿಸಿದ ಕನ್ನಡಕ. ಯಾವ ಊರು ಎಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ಎದ್ದು ನಿಂತು, ಎರಡೂ ಕೈ ಚಾಚಿ, ಅಪ್ಪಟ ಹುಬ್ಬಳ್ಳಿ ಪೇಟೆಯ ದನಿಯಲ್ಲಿ ಹೇಳಿದರು:

"ಬರ್ರಿ ಅಕ್ಕಾರ, ಕುಂದರ್ರಿ. ತಗೋಬ್ಯಾಡ್ರಿ, ಬರೇ ನೋಡ್ರಿ. ನೋಡಾಕ ರೊಕ್ಕಿಲ್ಲ."

ನಾನು ಕುಳಿತೆ. ಬೇರೇನು ಮಾಡಲಿ? ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಒಬ್ಬ ಮಂತ್ರಿ, ನನ್ನನ್ನು ಅಕ್ಕಾರ ಎಂದಿದ್ದರು. ಆಮೇಲೆ ತಿಳಿಯಿತು: ರಾಜಕೀಯಕ್ಕೆ ಬರುವ ಮೊದಲು ಸಾಹೇಬರು ತಮ್ಮ ಗೆಳೆಯನೊಬ್ಬನ ಜೊತೆ ಸೂರತ್ ಸೀರೆಗಳ ಗಂಟು ಹೊತ್ತುಕೊಂಡು ಹುಬ್ಬಳ್ಳಿ, ಗದಗ, ದಾವಣಗೆರೆ ತಿರುಗಿದ್ದರು. ಆ ಕಾಲದ ಕನ್ನಡ ಅವರ ನಾಲಗೆಯ ಮೇಲೆ ಹಾಗೇ ಉಳಿದಿತ್ತು. ಮಾತಾಡಲು ಯಾರೂ ಸಿಕ್ಕಿರಲಿಲ್ಲ ಅಷ್ಟೇ. ಈಗ ನಾನು ಸಿಕ್ಕಿದ್ದೆ.

ಅಂದಿನಿಂದ ಸಭೆಗಳಲ್ಲಿ ನನ್ನ ಜಾಗ ಅವರ ಬಲಗಡೆ. ಯಾರಾದರೂ ಒಂದು ಯೋಜನೆ ಮಂಡಿಸಿ ಮುಗಿಸಿದ ಕೂಡಲೇ ಸಾಹೇಬರು ನನ್ನ ಕಡೆ ವಾಲಿ, ಮುಖದಲ್ಲಿ ಏನೂ ತೋರದಂತೆ, ಕನ್ನಡದಲ್ಲಿ ತೀರ್ಪು ಕೊಡುತ್ತಿದ್ದರು. "ಬಣ್ಣ ಹೋಗ್ತದರಿ" ಎಂದರೆ ಯೋಜನೆ ಬಾಳಿಕೆ ಬರುವುದಿಲ್ಲ ಎಂದರ್ಥ. "ಇನ್ನೊಂದು ತೋರಸ್ರಿ" ಎಂದರೆ ಬೇರೆ ಪ್ರಸ್ತಾವ ತರಿಸಿ. "ಮಡಚಿ ಇಡ್ರಿ" ಎಂದರೆ ಕಡತ ಮುಚ್ಚಿದಂತೆ. ಅಹಮದಾಬಾದಿನ ಸಲಹಾ ಕಂಪನಿಯವನೊಬ್ಬ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಹಾಕಿ ಶಾಲೆಗಳನ್ನು ಹೇಗೆ ಉದ್ಧಾರ ಮಾಡಬೇಕೆಂದು ಬಹಳ ಹೊತ್ತು ವಿವರಿಸಿದ. ಸಾಹೇಬರು ಗಂಭೀರವಾಗಿ ತಲೆಯಾಡಿಸಿ ನನಗೆ ಹೇಳಿದರು, "ಸೆರಗು ಚಲೋ ಐತ್ರಿ ಅಕ್ಕಾರ. ಒಡಲು ಇಲ್ಲ."

ಇಡೀ ಸಭೆಯಲ್ಲಿ ಒಬ್ಬರೇ ಒಬ್ಬರು ಗೊಳ್ಳೆಂದು ನಕ್ಕರು. ಬ್ಯಾಂಕಿನ ಪರವಾಗಿ ಬಂದು ಮೂಲೆಯಲ್ಲಿ ಕುಳಿತಿದ್ದ ಆ ಮಹಾಶಯರು ದಾವಣಗೆರೆಯವರು! ಅಂದಿನಿಂದ ಸಭೆಗೆ ಬರುವ ಪ್ರತಿಯೊಬ್ಬರ ಊರನ್ನೂ ಮೊದಲೇ ವಿಚಾರಿಸಿಡುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ಖಾತೆಯ ಸಂಕಟ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೈಗಾರಿಕೆಯವರು ಶಿಕ್ಷಣ ಇಲಾಖೆಗೆ ದೂರು ಬರೆಯುತ್ತಾರೆ: ನೀವು ಕಳಿಸುವ ಹುಡುಗರಿಗೆ ಯಂತ್ರದ ಮುಖವೇ ಗೊತ್ತಿಲ್ಲ. ಶಿಕ್ಷಣದವರು ಉತ್ತರ ಕೊಡುತ್ತಾರೆ: ನೀವು ಯಂತ್ರ ಕೊಡಿ, ನಾವು ಮುಖ ತೋರಿಸುತ್ತೇವೆ. ದೂರು ಬಂದು ಬೀಳುವುದು ಸಾಹೇಬರ ಮೇಜಿನ ಮೇಲೆ, ಉತ್ತರಕ್ಕೆ ಒಪ್ಪಿಗೆ ಬೇಕಾದದ್ದೂ ಅದೇ ಮೇಜಿನಲ್ಲಿ. ಬೇರೆ ಮಂತ್ರಿಯಾಗಿದ್ದರೆ ಎರಡಕ್ಕೂ ಸಹಿ ಹಾಕಿ ಊಟಕ್ಕೆ ಹೋಗುತ್ತಿದ್ದರು. ನಮ್ಮವರು ಹಾಗಲ್ಲ. ಇಬ್ಬರ ನಡುವೆ ನ್ಯಾಯ ತೀರ್ಮಾನ ಆಗಲೇಬೇಕು ಎನ್ನುತ್ತಿದ್ದರು. ಯಾವ ಇಬ್ಬರು? ಅವರೇ ಇಬ್ಬರು.

ಒಂದು ದಿನ ಅವರು ತಮ್ಮ ಕುರ್ಚಿಯಿಂದ ಎದ್ದು ಮೇಜಿನ ಈಚೆ ಬಂದು, ಭೇಟಿಗೆ ಬಂದವರು ಕೂರುವ ಕುರ್ಚಿಯಲ್ಲಿ ಕುಳಿತರು. ಈಗ ನಾನು ಕೈಗಾರಿಕೆ ಎಂದರು. ಎದುರಿಗೆ ಯಾರೂ ಇಲ್ಲದಿದ್ದರೆ ಜಗಳಕ್ಕೆ ಕಳೆ ಬರುವುದಿಲ್ಲವಂತೆ. ಆದ್ದರಿಂದ ನಾನು ಆಚೆ ಹೋಗಿ ಮಂತ್ರಿಯ ಕುರ್ಚಿಯಲ್ಲಿ ಕೂತು ಶಿಕ್ಷಣದ ಪರವಾಗಿ ಉತ್ತರ ಕೊಡಬೇಕಂತೆ. ಎಷ್ಟು ಬೇಡವೆಂದರೂ ಬಿಡಲಿಲ್ಲ. ಕುಳಿತೆ. ಅವರು ಬೈದರು, ನಾನು ಸಮಾಧಾನ ಹೇಳಿದೆ. ಅವರು ಇನ್ನೂ ಬೈದರು. ನನಗೂ ನಿಜವಾಗಿ ಸಿಟ್ಟು ಬಂತು. ಮೇಜು ತಟ್ಟಿ, ಮೊದಲು ಯಂತ್ರ ಕೊಡಿ, ಆಮೇಲೆ ಮಾತಾಡಿ ಎಂದೆ. ಅದೇ ಕ್ಷಣಕ್ಕೆ ಬಾಗಿಲು ತೆರೆದು ಶಿಕ್ಷಕರ ನಿಯೋಗವೊಂದು ಒಳಗೆ ಬಂತು. ಮಂತ್ರಿಯ ಕುರ್ಚಿಯಲ್ಲಿ ಕೂತು ಮೇಜು ತಟ್ಟುತ್ತಿದ್ದ ಹೆಂಗಸಿನ ಕೊರಳಿಗೆ ಅವರು ಹಾರ ಹಾಕಿಯೇಬಿಟ್ಟರು. ಸಾಹೇಬರು ಎದುರು ಕುರ್ಚಿಯಿಂದ ಚಪ್ಪಾಳೆ ತಟ್ಟಿದರು.

ಆ ತಿಂಗಳೇ ಕೈಗಾರಿಕಾ ಇಲಾಖೆ ಕೆಲವು ಶಾಲೆಗಳಿಗೆ ಹಳೆಯ ಲೇತ್ ಯಂತ್ರಗಳನ್ನು ಕೊಡಲು ಒಪ್ಪಿತು. ನಾನು ಗೆದ್ದೆನೋ, ಅವರೇ ಸೋತರೋ, ಇವತ್ತಿಗೂ ಗೊತ್ತಿಲ್ಲ.

ಪ್ರವಾಸ ಎಂದರೆ ಅವರಿಗೆ ಪ್ರಾಣ. ಅಹಮದಾಬಾದಿನಿಂದ ಸೂರತ್‌ಗೆ ಹೋಗುವಾಗಲೆಲ್ಲ ವಡೋದರಾದಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಹೆದ್ದಾರಿಯಲ್ಲಿ ನಿಂತಿರುತ್ತೇನೆ ಎಂದರೆ ಕೇಳದೆ ಮಂಜಲ್‌ಪುರದ ನಮ್ಮ ಮನೆಗೇ ಬಂದು, ಉಪ್ಪಿಟ್ಟು ತಿಂದೇ ಹೊರಡುತ್ತಿದ್ದರು. ಕೆಂಪು ದೀಪದ ಕಾರು ಹೋದ ಕಾಲ ಅದು. ಆದರೂ ಮಂತ್ರಿ ಬಂದರೆಂದು ಸೊಸೈಟಿಯವರೆಲ್ಲ ಬಾಲ್ಕನಿಗೆ ಬರುತ್ತಿದ್ದರು. ನನ್ನ ಮಗಳು ಹುಟ್ಟಿದ್ದೇ ವಡೋದರಾದಲ್ಲಿ. ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುವ ಮಗು. ಸಾಹೇಬರು ಅವಳನ್ನು ಎದುರು ಕೂರಿಸಿಕೊಂಡು, ತಾಯಿಯ ಭಾಷೆ ಕಲಿಯದವಳು ಮುಂದೆ ಏನು ಕಲಿತಾಳು ಎಂದು ಗುಜರಾತಿಯಲ್ಲೇ ದೀರ್ಘವಾಗಿ ಬುದ್ಧಿ ಹೇಳಿ, ಈಗ ನನ್ನ ಜೊತೆ ಹೇಳು ಎಂದು ಕನ್ನಡ ಕಲಿಸಿದರು. ಅವತ್ತು ಸಂಜೆ ಹುಬ್ಬಳ್ಳಿಯಿಂದ ಫೋನು ಮಾಡಿದ ಅಜ್ಜಿಗೆ ನನ್ನ ಮಗಳು ಹೇಳಿದ ಮೊದಲ ಕನ್ನಡ ವಾಕ್ಯ, "ಎರಡು ತಗೊಂಡ್ರ ಕಡಿಮಿ ಮಾಡ್ತೀನ್ರಿ."

ಶಾಲೆಗೆ ಹೋದರೆ ಸಾಹೇಬರು ವೇದಿಕೆ ಹತ್ತುತ್ತಿರಲಿಲ್ಲ. ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಅಲ್ಲಿಂದ ಕರಿಹಲಗೆ ಕಾಣುತ್ತದೋ, ಮೇಷ್ಟರ ದನಿ ಕೇಳುತ್ತದೋ ನೋಡಬೇಕು ಎನ್ನುವುದು ಅವರ ವಾದ. ವಾದ ಸರಿಯೇ. ಆದರೆ ಬೆಂಚು ಏಳನೆಯ ತರಗತಿಯದು. ಮಕರ್‌ಪುರಾದ ಕಾರ್ಖಾನೆಗಳ ಹತ್ತಿರದ ಒಂದು ಶಾಲೆಯಲ್ಲಿ, ಮುಂದಿನ ಮೇಜು ಹಿಂದಿನ ಆಸನ ಒಂದೇ ಚೌಕಟ್ಟಿಗೆ ಜೋಡಿಸಿದ್ದ ಕಬ್ಬಿಣದ ಬೆಂಚಿನೊಳಗೆ ಹೇಗೋ ನುಸುಳಿಕೊಂಡರು. ಅವರ ಭಾಷಣದ ಸರದಿ ಬಂದಾಗ ಏಳಲು ಹೋದರೆ ಬೆಂಚೂ ಎದ್ದಿತು. ಕುಳಿತುಬಿಟ್ಟರು. ಏನೂ ಆಗಿಲ್ಲವೆಂಬಂತೆ, ಇವತ್ತು ಇಲ್ಲಿಂದಲೇ ಮಾತಾಡುತ್ತೇನೆ ಎಂದರು. ಮಕ್ಕಳೆಲ್ಲ ಹಿಂದಕ್ಕೆ ತಿರುಗಿ ಕೂತರು. ವೇದಿಕೆಯ ಮೇಲಿದ್ದ ಮುಖ್ಯೋಪಾಧ್ಯಾಯರು ಮತ್ತು ಗಣ್ಯರು ಇಡೀ ಭಾಷಣವನ್ನು ಮಕ್ಕಳ ಬೆನ್ನು ನೋಡುತ್ತಾ ಕೇಳಿದರು.

ಮಾತು ಮುಗಿದ ಮೇಲೆ ಪಕ್ಕದ ವರ್ಕ್‌ಶಾಪಿನಿಂದ ಒಬ್ಬರನ್ನು ಕರೆಸಿ ಬೋಲ್ಟು ಬಿಚ್ಚಿಸಿದೆವು. ಮುಂದಿನ ಬಜೆಟ್ಟಿನಲ್ಲಿ ವಿದ್ಯಾರ್ಥಿಸ್ನೇಹಿ ಪೀಠೋಪಕರಣ ಯೋಜನೆ ಎಂದು ಒಂದು ಬಂತು. ಸಣ್ಣ ಕಾರ್ಖಾನೆಗಳಲ್ಲೇ ಮಾಡಿಸಿದ, ಬಿಡಿಸಿ ಜೋಡಿಸಬಹುದಾದ ಅಗಲ ಬೆಂಚುಗಳು. ಪತ್ರಿಕೆಗಳು ದೂರದೃಷ್ಟಿಯ ಯೋಜನೆ ಎಂದು ಹೊಗಳಿದವು. ಅದು ಎಲ್ಲಿ ಹುಟ್ಟಿತು ಎಂದು ಗೊತ್ತಿದ್ದವರು ಯಾರೂ ಬಾಯಿ ಬಿಡಲಿಲ್ಲ.

ಇನ್ನೊಂದು ವಿಚಿತ್ರ: ಅವರು ಶಾಲೆಯಲ್ಲಿ ಕೈಗಾರಿಕಾ ಮಂತ್ರಿಯಾಗುತ್ತಿದ್ದರು, ಕಾರ್ಖಾನೆಯಲ್ಲಿ ಶಿಕ್ಷಣ ಮಂತ್ರಿ. ಅಹಮದಾಬಾದಿನ ಒಂದು ಹೆಸರುವಾಸಿ ಶಾಲೆಯಲ್ಲಿ ಪ್ರಾಂಶುಪಾಲರನ್ನು ಕೇಳಿದರು, ನಿಮ್ಮಲ್ಲಿ ತಯಾರಾಗುವ ಮಾಲು ಎಂಥದ್ದು, ಎಲ್ಲಿಗೆ ಹೋಗುತ್ತದೆ, ಎಷ್ಟು ವಾಪಸು ಬರುತ್ತದೆ? ಆಯಮ್ಮ ಬಿಳುಚಿಕೊಂಡರು. ಕಾರ್ಖಾನೆಗೆ ಹೋದರೆ ಮಾಲೀಕನ ಲಾಭದ ಮಾತು ಅರ್ಧಕ್ಕೇ ನಿಲ್ಲಿಸಿ, ನಿಮ್ಮ ಕೆಲಸಗಾರರ ಮಕ್ಕಳು ಎಷ್ಟನೇ ಕ್ಲಾಸು ಎಂದು ಕೇಳುವರು. ಮಾಲೀಕನಿಗೆ ಗೊತ್ತಿದ್ದರೆ ಆಶ್ಚರ್ಯ. ಗೊತ್ತುಮಾಡಿಕೊಂಡು ಇಡಿ, ಮುಂದಿನ ಸಲ ಬಂದಾಗ ಕೇಳುತ್ತೇನೆ ಎಂದು ಹೇಳಿ ಹೊರಡುವರು. ಮುಂದಿನ ಸಲ ನಿಜವಾಗಿಯೂ ಕೇಳುತ್ತಿದ್ದರು ಎನ್ನುವುದೇ ಅವರನ್ನು ಕಂಡರೆ ಎಲ್ಲರೂ ಹೆದರಲು ಕಾರಣ.

ಇಷ್ಟೆಲ್ಲ ತಮಾಷೆಯಾಗಿಯೇ ನಡೆದಿತ್ತು. ಕತಾರ್‌ಗಾಮ್‌ನ ಶಾಲೆಯ ಪ್ರಶ್ನೆ ಬರುವವರೆಗೆ.

ಸೂರತ್‌ನ ಕತಾರ್‌ಗಾಮ್ ಎಂದರೆ ಒಂದು ಗಲ್ಲಿಯಲ್ಲಿ ವಜ್ರ, ಇನ್ನೊಂದರಲ್ಲಿ ಬಟ್ಟೆ. ಅಲ್ಲಿ ಎಂಟನೆಯ ತರಗತಿಯವರೆಗೆ ಒಂದು ಸರ್ಕಾರಿ ಶಾಲೆ. ಒಂಬತ್ತು, ಹತ್ತು ಶುರುವಾಗಬಹುದು ಎಂದು ಎಂದೋ ಕಟ್ಟಿದ ಮೇಲಿನ ಮಹಡಿ ಬೀಗ ಹಾಕಿಕೊಂಡು ನಿಂತಿತ್ತು. ಒಳಗೆ ಮುರಿದ ಬೆಂಚು, ಪಾರಿವಾಳ. ಎಂಟು ಮುಗಿದ ಗಂಡುಮಕ್ಕಳು ವಜ್ರ ಉಜ್ಜುವ ಚಕ್ರದ ಮುಂದೆ ಕೂರುತ್ತಿದ್ದರು. ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಸೀರೆಗೆ ಹರಳು ಅಂಟಿಸುತ್ತಿದ್ದರು. ದೂರದ ಹೈಸ್ಕೂಲಿಗೆ ಕಳಿಸುವ ಧೈರ್ಯ ಎಷ್ಟು ಅಪ್ಪಂದಿರಿಗೆ ಇರುತ್ತದೆ?

ಶಾಲೆಯ ಗೋಡೆಗೆ ಗೋಡೆ ತಾಗಿಕೊಂಡು ಒಂದು ಎಂಬ್ರಾಯಿಡರಿ ಕಾರ್ಖಾನೆ. ಅದರ ಒಡೆಯ ಬೇರೆ ಯಾರೂ ಅಲ್ಲ, ಸಾಹೇಬರ ಜೊತೆ ಸೀರೆ ಗಂಟು ಹೊತ್ತು ತಿರುಗಿದ ಆ ಗೆಳೆಯನೇ. ಎಲ್ಲರೂ ಅವರನ್ನು ಶೇಠ್ ಎನ್ನುತ್ತಿದ್ದರು. ಹುಬ್ಬಳ್ಳಿಯ ಲಾಡ್ಜಿನಲ್ಲಿ ಒಂದೇ ಮಂಚದ ಮೇಲೆ ಇಬ್ಬರೂ ಅಡ್ಡಡ್ಡ ಮಲಗುತ್ತಿದ್ದರಂತೆ. ಶೇಠ್ ಈಗ ಕಾರ್ಖಾನೆ ಬೆಳೆಸಬೇಕೆಂದಿದ್ದರು. ಖಾಲಿ ಬಿದ್ದ ಆ ಮಹಡಿಯನ್ನೂ ಹಿತ್ತಲಿನ ಜಾಗವನ್ನೂ ಗುತ್ತಿಗೆಗೆ ಕೊಟ್ಟರೆ ಹೊಸ ಯಂತ್ರ ಹಾಕಿ ಸುತ್ತಲಿನ ಹೆಂಗಸರಿಗೆ ಕೆಲಸ ಕೊಡುತ್ತೇನೆ ಎಂದರು. ಅದು ಸುಳ್ಳು ಮಾತಲ್ಲ. ಶೇಠ್ ಕೆಲಸ ಕೊಡುವ ಮನುಷ್ಯನೇ. ಕೈಗಾರಿಕಾ ಮಂತ್ರಿ ಸಂತೋಷದಿಂದ ಆಗಲಿ ಎಂದರು. ಕೆಲವು ದಿನಗಳ ನಂತರ ಅದೇ ಗಲ್ಲಿಯ ತಾಯಂದಿರು ಬಂದು, ಆ ಮಹಡಿಯಲ್ಲಿ ಒಂಬತ್ತನೆಯ ತರಗತಿ ತೆಗೆಯಿರಿ ಎಂದು ಕೇಳಿದರು. ಶಿಕ್ಷಣ ಮಂತ್ರಿ ಅಷ್ಟೇ ಸಂತೋಷದಿಂದ ಆಗಲಿ ಎಂದರು.

ಕಾರಿನಲ್ಲಿ ನಾನು ಮೆಲ್ಲಗೆ ಹೇಳಿದೆ, "ಸಾಹೇಬ್ರ, ಒಂದ ಸೀರಿ ಇಬ್ಬರಿಗೆ ಮಾರೀರಿ."

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಕಿಟಕಿಯ ಆಚೆ ನೋಡುತ್ತಾ, ಅದು ತನಗೂ ಗೊತ್ತು ಎಂದರು. ಅಂಗಡಿಗೆ ಬಂದವರು ಬರಿಗೈಯಲ್ಲಿ ಹೋಗುವುದನ್ನು ತನ್ನಿಂದ ನೋಡಲಾಗುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ ಎಂದರು.

ಕೊನೆಗೆ ಎರಡೂ ಕಡೆಯವರನ್ನು ಆ ಶಾಲೆಯಲ್ಲೇ ಒಟ್ಟಿಗೆ ಕೂರಿಸಿದರು. ಕೆಳಗಿನ ತರಗತಿಯ ಕೋಣೆ. ಒಂದು ಬದಿಗೆ ಶೇಠ್, ಅವರ ಇಂಜಿನಿಯರು, ಸುರುಳಿ ಸುತ್ತಿದ ನಕ್ಷೆಗಳು. ಇನ್ನೊಂದು ಬದಿಗೆ ತಾಯಂದಿರು. ತಮಾಷೆಯೆಂದರೆ ತಾಯಂದಿರಲ್ಲೇ ಒಮ್ಮತವಿರಲಿಲ್ಲ. ಕೆಲವರಿಗೆ ಶೇಠ್ ಹತ್ತಿರ ಕೆಲಸ ಬೇಕಿತ್ತು, ಕೆಲವರಿಗೆ ಮಗಳಿಗೆ ಶಾಲೆ ಬೇಕಿತ್ತು, ಬಹಳಷ್ಟು ಜನರಿಗೆ ಎರಡೂ ಬೇಕಿತ್ತು. ನಮ್ಮ ಸಾಹೇಬರ ಹಾಗೆಯೇ.

ಶೇಠ್ ನಕ್ಷೆ ಬಿಡಿಸಿ ಚೆನ್ನಾಗಿ ವಿವರಿಸಿದರು. ಹೊಸ ಯಂತ್ರಗಳೆಲ್ಲ ಕಂಪ್ಯೂಟರಿನವು. ಪರದೆಯ ಮೇಲೆ ಬರುವ ವಿನ್ಯಾಸ ಓದಿ, ಎಲ್ಲಿ ತಪ್ಪಿದೆ ನೋಡಿ ಸರಿಮಾಡಬೇಕು. ಅದಕ್ಕೆ ಹತ್ತನೆಯ ತರಗತಿ ಓದಿದವರು ಬೇಕು. ಅವರನ್ನು ಹೊರಗಿನಿಂದ ಕರೆಸುತ್ತೇನೆ ಎಂದರು. ಇಲ್ಲಿನ ಹೆಂಗಸರಿಗೆ ದಾರ ಕತ್ತರಿಸುವ, ಬಟ್ಟೆ ಮಡಚುವ ಕೆಲಸ. ಕೂತು ಮಾಡುವ ಕೆಲಸ, ಮನೆಯ ಹತ್ತಿರ. ಆಗ ಹಿಂದೆ ಕೂತಿದ್ದ ಒಬ್ಬಾಕೆ, ಶೇಠ್ ಹತ್ತಿರವೇ ದಾರ ಕತ್ತರಿಸುತ್ತಿದ್ದವಳು, ಸೆರಗು ಸರಿಮಾಡಿಕೊಂಡು ಕೇಳಿದಳು:

"ಹಾಗಾದರೆ ನನ್ನ ಮಗಳೂ ದಾರವೇ ಕತ್ತರಿಸಬೇಕಾ ಭಾಯ್?"

ಅವಳು ಜಗಳಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು. ಶೇಠ್ ತಮ್ಮ ಇಂಜಿನಿಯರಿನ ಮುಖ ನೋಡಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಯಾವ ಕನ್ನಡ ವಾಕ್ಯ ಬರುತ್ತದೆಂದು ಕಾದೆ. ಆದರೆ ಅವರು ಗುಜರಾತಿಯಲ್ಲಿ, ಎಲ್ಲರಿಗೂ ಕೇಳುವಂತೆ, ಮಹಡಿ ಶಾಲೆಗೇ ಇರುತ್ತದೆ ಎಂದರು. ಜೂನ್‌ನಿಂದ ಒಂಬತ್ತನೆಯ ತರಗತಿ. ಅಲ್ಲೇ ಒಂದು ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಕಲಿಸುವ ವ್ಯವಸ್ಥೆ. ಕಾರ್ಖಾನೆಗೆ ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ಜಾಗ ಕೊಡಿಸುವುದು ತನ್ನ ಹೊಣೆ.

ಊರ ಹೊರಗಿನ ಜಾಗ ಶೇಠ್‌ಗೆ ಬೇಕಿರಲಿಲ್ಲ. ನಕ್ಷೆ ಸುತ್ತುತ್ತಾ ಅವರು ಹೇಳಿದರು, "ನಿನ್ನೊಳಗಿನ ಕೈಗಾರಿಕಾ ಮಂತ್ರಿಯನ್ನೂ ಒಂದು ಮಾತು ಕೇಳಬೇಕಿತ್ತು."

"ಕೇಳಿದೆ," ಎಂದರು ಸಾಹೇಬರು. "ಇದೇ ಮೊದಲ ಸಲ ಇಬ್ಬರೂ ಒಂದೇ ಮಾತು ಹೇಳಿದ್ದಾರೆ."

ಶೇಠ್ ಎದ್ದು ಹೋದರು. ಚಹಾ ಮುಟ್ಟಲಿಲ್ಲ. ವಾಪಸು ಬರುವಾಗ ನರ್ಮದೆಯ ಸೇತುವೆ ಮುಗಿದು ಭರೂಚ್ ದಾಟಿದ ಮೇಲೆ ಸಾಹೇಬರು, ಅವನ ಹೆಂಡತಿ ಮಾಡುವ ಊಂಧಿಯೂ ಇನ್ನು ನನಗೆ ಸಿಗುವುದಿಲ್ಲ ಎಂದರು. ಆ ತರಕಾರಿ ಪಲ್ಯ ಚಳಿಗಾಲದಲ್ಲಿ ಮಾತ್ರ ಮಾಡುವಂಥದ್ದು. ಆಗಿನ್ನೂ ಬೇಸಿಗೆ. ಅಷ್ಟು ದೂರದವರೆಗೆ ಅವರು ಯೋಚಿಸಿಬಿಟ್ಟಿದ್ದರು.

ಮಹಡಿ ಉಳಿಯಿತು, ಸರಿ. ಮಕ್ಕಳು? ಒಂಬತ್ತನೆಯ ತರಗತಿಗೆ ಹೆಸರು ಕೊಡಲು ಗಂಡುಮಕ್ಕಳು ಅಷ್ಟಿಷ್ಟು ಬಂದರು, ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಸಾಹೇಬರು ತಾವೇ ಮನೆಮನೆಗೆ ಹೊರಟರು. ಅದೂ ಹೇಗೆ? ಹಳೆಯ ಸೀರೆ ವ್ಯಾಪಾರಿಯ ಹಾಗೆ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಒಂಬತ್ತನೆಯ ತರಗತಿಯ ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿ ಹರಡುವುದು. ಸೇರಿಸಬೇಡಿ, ಸುಮ್ಮನೆ ನೋಡಿ ಎನ್ನುವುದು. ವಿಜ್ಞಾನದ ಪುಸ್ತಕದ ಬಣ್ಣದ ಪುಟ ತೋರಿಸಿ, ಇದು ನೋಡಿ ಎಂಥ ಚಂದ ಎನ್ನುವುದು. ಅಪ್ಪಂದಿರು ವಜ್ರದ ಕೆಲಸಕ್ಕೆ ಹೋಗಿರುತ್ತಿದ್ದರು. ತಾಯಂದಿರು ಮುಸುಕಿನೊಳಗೆ ನಗುತ್ತಿದ್ದರು. ಒಂದು ಮನೆಯಲ್ಲಂತೂ ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ಆ ಮನೆಯ ಅಜ್ಜಿ ಬೇಸತ್ತು, ಮೊಮ್ಮಗಳನ್ನು ಕಳಿಸುತ್ತೇನೆ, ನೀನು ಮೊದಲು ಏಳು, ನಾನು ರೊಟ್ಟಿ ಮಾಡಬೇಕು ಎಂದಳು. ಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಬೋಣಿಗಿ ಆತ್ರಿ" ಎಂದರು.

ಬೇರೆ ಕೆಲಸ ಬಂದ ದಿನ ನಾನು ವಾಪಸು ಹೋಗುತ್ತಿದ್ದೆ. ಅವರು ಮಾತ್ರ ಶನಿವಾರ, ಭಾನುವಾರ ಅಲ್ಲೇ ಗಲ್ಲಿ ಸುತ್ತುತ್ತಿದ್ದರು.

ಶಾಲೆ ಶುರುವಾಗುವ ಸ್ವಲ್ಪ ಮೊದಲು ಸಂಪುಟ ಬದಲಾಯಿತು. ನಮ್ಮ ಸಾಹೇಬರ ಹೆಸರು ಹೊಸ ಪಟ್ಟಿಯಲ್ಲಿರಲಿಲ್ಲ. ಕತಾರ್‌ಗಾಮ್‌ನ ವ್ಯಾಪಾರಿಗಳು ಮೇಲಿನವರಿಗೆ ದೂರು ಕೊಟ್ಟಿದ್ದರು ಎಂದು ಕೆಲವರು, ವಯಸ್ಸಾಯಿತು ಎಂದು ಕೆಲವರು. ನಿಜ ಏನೋ ನನಗೆ ತಿಳಿಯದು. ಸುದ್ದಿ ಬಂದಾಗ ನಾನು ಅವರ ಕೋಣೆಯಲ್ಲಿದ್ದೆ. ಅವರು ಫೋನು ಕೆಳಗಿಟ್ಟು ಕೇಳಿದ್ದು ಇಷ್ಟೇ: "ಎರಡೂ ತಗೊಂಡ್ರಂತೆ. ಒಂದಾದರೂ ಬಿಡಬಹುದಿತ್ತು, ಅಲ್ಲವಾ ಬೆನ್?" ಅವರು ನನ್ನನ್ನು ಅಕ್ಕಾರ ಎನ್ನದೆ, ಗುಜರಾತಿನವರಂತೆ ಬೆನ್ ಎಂದದ್ದು ಅದೇ ಮೊದಲು. ಮಧ್ಯಾಹ್ನದೊಳಗೆ ಗೋಡೆಯ ಮೇಲಿನ ಹೆಸರಿನ ಫಲಕ ಬಿಚ್ಚಿದರು. ಸಾಹೇಬರು ತಮ್ಮ ಚಹಾ ಕಪ್ಪು, ಕನ್ನಡಕದ ಡಬ್ಬಿ ತೆಗೆದುಕೊಂಡು ಸೂರತ್‌ಗೆ ರೈಲಿನಲ್ಲಿ ಹೋದರು.

ಜೂನ್‌ನಲ್ಲಿ ತರಗತಿ ಶುರುವಾಯಿತು. ಉದ್ಘಾಟನೆಗೆ ಮಾತ್ರ ಹೊಸ ಮಂತ್ರಿಗಳ ಬಿಡುವು ಸಿಗಬೇಕಲ್ಲ. ಮಳೆಗಾಲ ಕಳೆದು ದಸರೆ ಹತ್ತಿರ ಬಂದ ಮೇಲೆ ಆಯಿತು. ನಾನು ಇನ್ನೂ ಅದೇ ಯೋಜನೆಯಲ್ಲಿದ್ದೆನಾದ್ದರಿಂದ ವಡೋದರಾದಿಂದ ಹಿಂದಿನ ದಿನವೇ ಹೋಗಿ ಎಲ್ಲ ಸಿದ್ಧಮಾಡಿದೆ. ಸಾಹೇಬರಿಗೆ ಫೋನು ಮಾಡಿ ಕರೆದೆ. ತುಂಬ ಕೆಲಸವಿದೆ, ಆಗುವುದಿಲ್ಲ ಎಂದರು. ಮಂತ್ರಿಗಿರಿ ಹೋದವರಿಗೆ ತುಂಬ ಕೆಲಸ ಏನಿರುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹೊಸ ಮಂತ್ರಿಗಳು ರಿಬ್ಬನ್ ಕತ್ತರಿಸಿದರು. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ಸರ್ಕಾರದ ಸೈಕಲ್ ಹಂಚಿದರು. ಫೋಟೋ ಆಯಿತು. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು ಎಂದುಕೊಂಡಿರಿ? ಶೇಠ್! ಹೊಸ ಮಂತ್ರಿಗಳ ಹತ್ತಿರವೂ ಕೈಗಾರಿಕೆ ಖಾತೆ ಇತ್ತಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಹೊರಡುವಾಗ ಶೇಠ್ ನನ್ನ ಪಕ್ಕ ಬಂದು ನಿಂತು, ಬೇರೆ ಕಡೆ ನೋಡುತ್ತಾ, ಅವನು ಬರಲಿಲ್ಲವಾ ಎಂದರು. ಕರೆದಿದ್ದೆ, ಕೆಲಸವಿದೆ ಎಂದರು ಎಂದೆ. ಶೇಠ್ ತಲೆಯಾಡಿಸಿದರು.

"ಕೆಲಸ ಇದೆ. ಶಾಲೆ ಬಿಡುವಾಗ ಮೂಲೆಯ ಬಸ್ ಸ್ಟಾಪಿಗೆ ಹೋಗಿ ನೋಡು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನನ್ನ ಗೇಟಿನಿಂದ ದಿನಾ ಕಾಣುತ್ತಾನೆ. ಜುಲೈನಲ್ಲಿ ಒಂದು ದಿನ ಮಳೆ ಹೊಡೀತಿತ್ತು, ವಾಚ್‌ಮನ್ ಕೈಯಲ್ಲಿ ಚಹಾ ಕಳಿಸಿದೆ. ಕುಡಿದ. ಯಾರ ಚಹಾ ಅಂತ ಕೇಳಲಿಲ್ಲ."

ಸಂಜೆ ಶಾಲೆ ಬಿಡುವ ಹೊತ್ತಿಗೆ ಮೂಲೆಗೆ ಹೋದೆ. ಬಸ್ ಸ್ಟಾಪಿನ ಕಂಬಕ್ಕೆ ಒರಗಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಸಾಹೇಬರು ನಿಂತಿದ್ದರು. ನನ್ನನ್ನು ನೋಡಿ, ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು. ಶಾಲೆಯ ಗೇಟಿನಿಂದ ಹುಡುಗಿಯರು ಹೊಸ ಸೈಕಲ್ಲಿನ ಗಂಟೆ ಹೊಡೆಯುತ್ತಾ ಒಬ್ಬೊಬ್ಬರಾಗಿ ಹೊರಬಂದು ಹೋದರು. ಎಲ್ಲರೂ ಹೋದ ಮೇಲೆ ಮೂವರು ಹುಡುಗಿಯರು ನಡೆದುಕೊಂಡು ಬಂದರು. ಗುಜರಾತಿನಲ್ಲಿ ಅಜ್ಜನನ್ನು ಕರೆಯುವಂತೆ, ದಾದಾ, ಬಸ್ಸು ಹೋಯಿತಾ, ನಮಗೆ ಸೈಕಲ್ ಇನ್ನೂ ಬಂದಿಲ್ಲ ಎನ್ನುತ್ತಾ ಅವರ ಸುತ್ತ ನಿಂತರು.

ಸಾಹೇಬರು ಬಸ್ಸು ಬರುವ ದಿಕ್ಕಿಗೆ ನೋಡಲು ಎರಡು ಹೆಜ್ಜೆ ಮುಂದೆ ಹೋದಾಗ ಇವರು ಇಲ್ಲೇಕೆ ನಿಂತಿರುತ್ತಾರೆ ಎಂದು ದೊಡ್ಡ ಹುಡುಗಿಯನ್ನು ಕೇಳಿದೆ. ಅವಳು ಪಿಸುಗುಟ್ಟುತ್ತಾ ಹೇಳಿದಳು. ಮೂವರೂ ಬಸ್ಸಿನಲ್ಲಿ ಬರಬೇಕಾದಷ್ಟು ದೂರದ ಒಂದೇ ಗಲ್ಲಿಯವರು, ಅಪ್ಪಂದಿರು ಒಂದೇ ವಜ್ರದ ಕಾರ್ಖಾನೆಯಲ್ಲಿ. ಇಷ್ಟು ದೂರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದು ಅಪ್ಪಂದಿರು ಹಟ ಹಿಡಿದಿದ್ದಾಗ ಸಾಹೇಬರು, ನಾನೇ ಕರೆದುಕೊಂಡು ಹೋಗಿ ಕರೆದುಕೊಂಡು ಬರುತ್ತೇನೆ, ಆಯಿತಾ ಎಂದಿದ್ದರಂತೆ. ಆಗ ಅವರು ಮಂತ್ರಿ. ಮಂತ್ರಿ ಹಾಗೆಂದರೆ ಯಾರನ್ನಾದರೂ ಕಳಿಸುತ್ತಾರೆ ಎಂದು ಅಪ್ಪಂದಿರು ತಿಳಿದಿದ್ದರು. ಶಾಲೆ ಶುರುವಾದ ದಿನ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಅವರೇ ಬಂದು ನಿಂತಿದ್ದರು. ಗೇಟಿನವರೆಗೆ ಮಾತ್ರ ಬರುವುದಿಲ್ಲ, ಮೂಲೆಯಲ್ಲೇ ನಿಂತುಬಿಡುತ್ತಾರೆ.

ನಿಮಗೆ ಇವತ್ತು ಸೈಕಲ್ ಸಿಗಲಿಲ್ಲವಾ ಎಂದೆ. ಹಂಚಿದ ಹೆಸರುಗಳಲ್ಲಿ ಅವರ ಹೆಸರೂ ಇದ್ದದ್ದು ನನಗೆ ಗೊತ್ತಿತ್ತು.

ಹುಡುಗಿ ನನಗೆ 'ಬಾಯಿ ಮುಚ್ಚು' ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. "ಶಾಲೆಯ ಶೆಡ್ಡಿನಲ್ಲಿಟ್ಟಿದ್ದೇವೆ. ಸೈಕಲ್ ತಗೊಂಡರೆ ದಾದಾ ನಾಳೆಯಿಂದ ಬರಲ್ಲ. ಕಾಕಿ ಹೇಳಿದರು, ಇದಕ್ಕಾಗಿಯೇ ದಿನಾ ಬೇಗ ಎದ್ದು ಸ್ನಾನ ಮಾಡ್ತಾರಂತೆ."

ಕಾಕಿ ಎಂದರೆ ಸಾಹೇಬರ ಹೆಂಡತಿ.

ಅಷ್ಟರಲ್ಲಿ ಸಾಹೇಬರು ಹಿಂತಿರುಗಿ ಬಂದರು. ಚಿಕ್ಕ ಹುಡುಗಿಯ ಹೆಗಲಿನಿಂದ ಚೀಲ ಇಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನನ್ನೇ ನೆಟ್ಟಗೆ ನೋಡುತ್ತಾ ಕೇಳಿದರು, "ಬೇರೆಯವರಿಗೆಲ್ಲ ಸೈಕಲ್ ಬಂದಿದೆ. ಈ ಮೂವರದ್ದು ಬಂದಿಲ್ಲವಂತೆ. ಹೌದಾ?"

ಮೂವರು ಹುಡುಗಿಯರೂ ನನ್ನ ಮುಖ ನೋಡುತ್ತಿದ್ದರು.

"ಬಂದಿಲ್ಲ ಸಾಹೇಬ್ರ," ಎಂದೆ. "ಇನ್ನೂ ತಡವಾಗಬಹುದು."

"ಗೊತ್ತಿತ್ತು," ಎಂದರು ಅವರು. ಬಸ್ಸು ಬಂತು. ಹುಡುಗಿಯರನ್ನು ಮುಂದೆ ಹತ್ತಿಸಿ, ತಾವು ಹಿಂದೆ ಹತ್ತಿ, ಕಂಡಕ್ಟರನಿಗೆ ಕೇಳುವಷ್ಟು ಗಟ್ಟಿಯಾಗಿ, ಈ ಶಿಕ್ಷಣ ಇಲಾಖೆಯೇ ಹೀಗೆ, ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡುವುದಿಲ್ಲ ಎಂದು ಬೈಯುತ್ತಾ, ಕಿಟಕಿಯ ಪಕ್ಕ ಜಾಗ ಹಿಡಿದು ಆರಾಮಾಗಿ ಕುಳಿತರು.